ಅತ್ತೆಗೆ ಕೊಡುವ ಬಾಡಿಗೆ

ಮನೆಯಲ್ಲಿ ಕುಳಿತು ಸ್ವಂತ ಉದ್ಯೋಗ ಮಾಡಿದರೆ ಯಾರ ಹಂಗೂ ಇರುವುದಿಲ್ಲ ಎಂದು ಭಾಷಣ ಮಾಡುವವರನ್ನು ನಾನು ಬಹಳ ಕೇಳಿದ್ದೇನೆ. ಅವರ್ಯಾರೂ ಮನೆಯಲ್ಲಿ ಕುಳಿತು ಉದ್ಯೋಗ ಮಾಡಿದವರಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬಜಾರಿನಲ್ಲಿ ಅಂಗಡಿ ಇಟ್ಟವನಿಗೆ ಗಿರಾಕಿಯೊಬ್ಬನೇ ದೊರೆ. ಮನೆಯಲ್ಲಿ ಕುಳಿತವಳಿಗೆ ಗಿರಾಕಿ, ಗಂಡ, ಅತ್ತೆ, ಹಾಲಿನವನು, ಸಿಲಿಂಡರಿನವನು, ಹೊತ್ತು ಹೋಗದೆ ಬಂದು ಕೂರುವ ಓಣಿಯ ಹೆಣ್ಣುಮಕ್ಕಳು ಎಲ್ಲರೂ ದೊರೆಗಳೇ. ಇಷ್ಟು ಜನರ ಆಳ್ವಿಕೆಯಲ್ಲಿ ನಾನು ಶಹಾಪುರದ ನಮ್ಮ ಮನೆಯಲ್ಲಿ ಒಂದು ಧಂಧೆ ಕಟ್ಟಿ ನಿಲ್ಲಿಸಿದ್ದೇನೆ. ನನ್ನ ಬಗ್ಗೆ ನನಗೆ ಹೆಮ್ಮೆ ಕಡಿಮೆಯಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರುವ ಕಥೆಯಲ್ಲಿ ಆ ಹೆಮ್ಮೆಗೆ ಅಲ್ಲಲ್ಲಿ ಪೆಟ್ಟು ಬೀಳುತ್ತದೆ.

ನಾನು ಹೊಲಿಯುವುದು ಕುಂಚಿಗೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ಕೂಸಿನ ತಲೆಯ ಮೇಲೆ ಟೊಪ್ಪಿಗೆಯಾಗಿ ಕುಳಿತು, ಬೆನ್ನ ಮೇಲೆ ಸೆರಗಿನಂತೆ ಇಳಿಯುವ ಬಟ್ಟೆ ಅದು. ಖಣದ ತುಣುಕು, ಹಳೆ ರೇಷ್ಮೆ ಸೀರೆಯ ಅಂಚು, ಗೋಟು, ಗೊಂಡೆ ಎಲ್ಲ ಸೇರಿಸಿ ಹೊಲಿಯಬೇಕು. ತೊಟ್ಟಿಲಲ್ಲಿ ಹಾಕುವ ದಿನ ತವರಿನವರು ಅದನ್ನು ತರಬೇಕು. ತರದಿದ್ದರೆ ಬೀಗರ ಕಡೆಯ ಹೆಂಗಸರು ಆ ಮಾತನ್ನು ಕೂಸಿನ ಮದುವೆಯವರೆಗೂ ಕಾಪಾಡಿಕೊಂಡು ಬರುತ್ತಾರೆ. ಕೂಸು ಅದನ್ನು ಹಾಕಿಕೊಂಡು ಫೋಟೋ ತೆಗೆಯುವಷ್ಟು ಹೊತ್ತು ಅಳುತ್ತದೆ. ಆಮೇಲೆ ಅದು ಟ್ರಂಕು ಸೇರುತ್ತದೆ. ಹೀಗೆ ಒಂದೇ ಸಲ ತೊಡುವ ವಸ್ತುವಿಗೆ, ಅದೂ ಬೀಗರ ಎದುರು ತೊಡಿಸುವ ವಸ್ತುವಿಗೆ, ಯಾರೂ ಹೆಚ್ಚು ಚೌಕಾಸಿ ಮಾಡುವುದಿಲ್ಲ. ನನ್ನ ಉದ್ಯೋಗದ ಯಶಸ್ಸಿನ ಗುಟ್ಟು ಇಷ್ಟೇ. ಸುರಪುರದ ನನ್ನ ತವರಿನಲ್ಲಿ ತಂಗಿಯ ಮಗುವಿಗೆ ಹೊಲಿದು ಕೊಟ್ಟ ಒಂದು ಕುಂಚಿಗೆಯ ಫೋಟೋ ಯಾರದೋ ವಾಟ್ಸಾಪಿನಲ್ಲಿ ಏರಿ, ಕಲಬುರಗಿ, ರಾಯಚೂರು ಎಂದು ಸುತ್ತಾಡಿ, ಆರ್ಡರುಗಳನ್ನು ಕೈಹಿಡಿದು ಮನೆಗೆ ಕರೆದುಕೊಂಡು ಬಂತು. ಯಾವ ಊರಿನಲ್ಲಿ ಯಾರು ಬಸುರಿ ಎಂಬುದು ಈಗ ಅವರ ಅತ್ತೆಯಂದಿರಿಗಿಂತ ಮೊದಲು ನನಗೆ ತಿಳಿಯುತ್ತದೆ.

ತೊಂದರೆ ಇದ್ದದ್ದು ಜಾಗದ್ದು. ನನ್ನ ಮಷಿನ್ನು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಸಂದಿಯಲ್ಲಿತ್ತು. ಸ್ನಾನ ಮಾಡಿ ಬಂದವರ ನೀರು, ಒಲೆಯ ಕಡೆಯಿಂದ ಬರುವ ಒಗ್ಗರಣೆಯ ಹೊಗೆ, ಎರಡೂ ನನ್ನನ್ನು ದಾಟಿಯೇ ಹೋಗಬೇಕು. ಒಮ್ಮೆ ಒಂದು ದೊಡ್ಡ ಮನೆತನದವರ ಕೆಂಪು ರೇಷ್ಮೆಯ ಕುಂಚಿಗೆ ಕೊನೆಯ ಗೊಂಡೆಗಾಗಿ ಕಾಯುತ್ತಿದ್ದಾಗ ನಮ್ಮ ಮನೆಯವರು ಪುಂಡಿಪಲ್ಯದ ಬೋಗುಣಿ ಹಿಡಿದುಕೊಂಡು, ಕ್ರಿಕೆಟ್ ಸ್ಕೋರು ನೋಡುತ್ತ ಆ ದಾರಿಯಲ್ಲಿ ಬಂದರು. ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಎರಡು ವಸ್ತುಗಳು ಒಂದೇ ದಾರಿಯಲ್ಲಿ ಎದುರುಬದುರು ಬಂದರೆ ಏನಾಗುತ್ತದೆ ಎಂಬ ಲೆಕ್ಕ ಅವರಿಗೆ ಬರಬೇಕಿತ್ತು. ನಾನು ಹೊಸ ಬಟ್ಟೆ ತಂದು ಮತ್ತೆ ಹೊಲಿದುಕೊಟ್ಟೆ. ಆ ಹಳೆಯ ಕುಂಚಿಗೆಯನ್ನು ಮೂಸಿದರೆ ಇವತ್ತಿಗೂ ಹಸಿವಾಗುತ್ತದೆ.

ಹಾಗೆಂದು ಮನೆಯಲ್ಲಿ ಖೋಲಿ ಇರಲಿಲ್ಲವೆಂದಲ್ಲ. ಪಡಸಾಲೆಯ ಪಕ್ಕದಲ್ಲೇ ಒಂದಿತ್ತು: ಬೀದಿಯ ಕಡೆ ಕಿಟಕಿ, ನೆಲಕ್ಕೆ ಪರ್ಸಿ ಕಲ್ಲು, ಒಳ್ಳೆಯ ಬೆಳಕು. ಅದನ್ನು ನಾನು ಅತ್ತೆಯ ಹತ್ತಿರ ಕೇಳದೆಯೂ ಇರಲಿಲ್ಲ. ಕೇಳಿದಾಗಲೆಲ್ಲ ಅವರು, "ತಗೋ ಯವ್ವ, ಅದ್ರಾಗ ಕೇಳಾದೇನೈತಿ? ಮನಿಯೇ ನಿಂದೈತಿ" ಎನ್ನುತ್ತಿದ್ದರು. ನಾನು ಖುಷಿಯಿಂದ ಮಷಿನ್ನು ಒಯ್ದು ಇಡುತ್ತಿದ್ದೆ. ಮರುದಿನ ನೋಡಿದರೆ ಅದರ ಬಗಲಿಗೆ ಜೋಳದ ಚೀಲ ಬಂದು ನಿಂತಿರುತ್ತಿತ್ತು. ಅದರ ಹಿಂದೆ ಮನೆಯವರ ಪರೀಕ್ಷೆ ಪೇಪರುಗಳ ಗಂಟು. ಅದರ ಹಿಂದೆ ಬೆಳಗಿನ ಬಸ್ಸಿಗೆ ಬಂದ ಯಾರೋ ನೆಂಟರು, "ಎದ್ದೇಳಬ್ಯಾಡವ್ವ, ನೀ ಹೊಲಿ, ನಾ ಇಲ್ಲೇ ಒಂದೀಟು ಅಡ್ಡಾಗ್ತೀನಿ" ಎನ್ನುತ್ತ ನನ್ನ ಖಣದ ತುಣುಕುಗಳ ಗಂಟನ್ನೇ ತಲೆದಿಂಬು ಮಾಡಿಕೊಳ್ಳುತ್ತಿದ್ದರು. ನಮ್ಮಂಥ ಮನೆಗಳಲ್ಲಿ ಎಲ್ಲವೂ ಎಲ್ಲರದು. ಕೊಡುವುದಿಲ್ಲ ಎಂದಿದ್ದರೆ ಜಗಳವಾಡಿ ಪಡೆಯಬಹುದಿತ್ತು. ಎಲ್ಲವನ್ನೂ ಕೊಟ್ಟುಬಿಟ್ಟವರ ಹತ್ತಿರ ಏನೆಂದು ಜಗಳವಾಡುವುದು? ನಾನು ಮಷಿನ್ನು ಎತ್ತಿಸಿಕೊಂಡು ಮತ್ತೆ ಸಂದಿಗೆ ಬರುತ್ತಿದ್ದೆ.

ಇಂಥ ಹೊತ್ತಿನಲ್ಲಿ ನನ್ನ ಧಂಧೆಯನ್ನು ಲೆಕ್ಕಪತ್ರದ ಸಮೇತ ಸರಿಯಾಗಿ ನಡೆಸಬೇಕೆಂಬ ಆಸೆ ಹುಟ್ಟಿ, ಯಾದಗಿರಿಯಲ್ಲಿರುವ ವೀರೇಶ ಎಂಬ ಹುಡುಗ ಆಡಿಟರನನ್ನು ಕಾಣಲು ಹೋದೆ. ಮನೆಯವರ ಶಾಲೆಯಲ್ಲಿ ಓದಿದವನು, ಹಾಗಾಗಿ ಫೀಜು ಕಡಿಮೆ ಮಾಡುತ್ತಾನೆ ಎಂಬ ಭರವಸೆ. ಅವನ ಆಫೀಸು ಅವನ ಮನೆಯಲ್ಲೇ ಇತ್ತು. ಕಂಪ್ಯೂಟರು, ಪ್ರಿಂಟರು, ಗೋಡೆಗೆ ತೆರಿಗೆಯ ಕೊನೆ ತಾರೀಕುಗಳ ಕ್ಯಾಲೆಂಡರು ಎಲ್ಲ ಇದ್ದವು. ಅವುಗಳ ನಡುವೆ ಅವನ ತಾಯಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದರು. ನಾನು ನನ್ನ ವ್ಯವಹಾರವನ್ನು ವಿವರಿಸಿದೆ. ವಿವರಿಸುವಾಗ ಈ ವರ್ಷ ಆದದ್ದನ್ನು ಹೇಳುವ ಬದಲು ಮುಂದಿನ ವರ್ಷ ಆಗಲಿರುವುದನ್ನು ಹೇಳಿದೆ. ಹೈದರಾಬಾದಿಗೆ ಕಳಿಸುವ ವಿಚಾರ, ನಾಲ್ಕು ಹೆಣ್ಣುಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವ ವಿಚಾರ, ಎಲ್ಲ ಬಂದವು. ಅವನು ಸೆಟೆದು ಕುಳಿತು ಕೇಳಿದ. ಅವನ ತಾಯಿಯೂ ಮೊರ ನಿಲ್ಲಿಸಿ ಕೇಳಿದರು.

"ಅಕ್ಕಾರ, ಇಷ್ಟು ದೊಡ್ಡ ಧಂಧೆ ಅಂದ್ರ ಖರ್ಚು ಬರೋಬರಿ ತೋರಸಬೇಕ್ರಿ," ಎಂದ ವೀರೇಶ. "ದಾರ, ಬಟ್ಟಿ, ಕೊರಿಯರ್ ಅಂತೂ ಬಂದೇ ಬರ್ತಾವ. ಮಷಿನ್ನಿನ ಸವಕಳಿ ಹಿಡಿಬಹುದು. ಮನಿಯಾಗ ಒಂದು ಖೋಲಿ ಧಂಧೆಕ್ಕಂತ ಬ್ಯಾರಿ ಇಟ್ಟಿದ್ರ ಅದರ ಪಾಲಿನ ಕರೆಂಟ್ ಬಿಲ್ಲು, ಇಂಟರ್‌ನೆಟ್ಟು, ಬಾಡಿಗಿ, ಎಲ್ಲಾ ಖರ್ಚಿನ್ಯಾಗ ಬರ್ತಾವ. ಅದೆಲ್ಲ ಕಳದು ಉಳಿದ ಲಾಭಕ್ಕ ಅಷ್ಟೇ ಟ್ಯಾಕ್ಸು."

"ಗಿರಾಕಿಗೋಳಿಗೆ ಕೊಡೋ ಚಹಾ?" ಎಂದೆ. ನಮ್ಮಲ್ಲಿ ಬಂದವರು ಚಹಾ ಕುಡಿಯದೆ ಹೋಗುವಂತಿಲ್ಲ. ಅದರ ಮೇಲೆ ನನಗೆ ಬಹಳ ದಿನದ ಸಿಟ್ಟು.

"ಗಿರಾಕಿ ಕುಡದದ್ದು ಬರ್ತೈತ್ರಿ. ಜೋಡಿಗೆ ಮನಿಯವರು ಕುಡದದ್ದು ಬರಂಗಿಲ್ಲ."

ನಮ್ಮ ಅತ್ತೆ ಪ್ರತಿ ಗಿರಾಕಿಯ ಜೊತೆಗೂ ಒಂದು ಕಪ್ಪು ಕುಡಿಯುತ್ತಾರೆ. ಒಬ್ಬರೇ ಕುಡಿದರೆ ಗಿರಾಕಿಗೆ ಸಂಕೋಚವಾಗುತ್ತದೆ ಎಂಬುದು ಅವರ ವಾದ. ಆ ಲೆಕ್ಕವನ್ನು ಅಲ್ಲಿಗೇ ಬಿಟ್ಟೆ. ನನ್ನ ಮನಸ್ಸು ಆಗಲೇ ಖೋಲಿಯ ಮಾತಿಗೆ ಅಂಟಿಕೊಂಡಿತ್ತು. ಮತ್ತೊಮ್ಮೆ ಹೇಳು ಎಂದೆ.

"ಆ ಖೋಲ್ಯಾಗ ಧಂಧೆ ಬಿಟ್ಟು ಬ್ಯಾರೇನೂ ನಡಿಬಾರದ್ರಿ. ಮನಿ ಮಂದಿ ಅಲ್ಲೇ ಮಲಗಾದು, ಅಲ್ಲೇ ಉಣ್ಣಾದು, ಅಲ್ಲೇ ಜ್ವಾಳದ ಚೀಲ ಇಡಾದು ಮಾಡಿದ್ರ ಅದನ್ನ ಧಂಧೆದ ಖೋಲಿ ಅಂತ ಯಾವ ಬಾಯಿಲೆ ಹೇಳಾದು?" ಎಂದು ಅವನು ಹೇಳುತ್ತಿದ್ದಂತೆ ಅವನ ತಾಯಿ ಹಸನಾದ ತೊಗರಿಯನ್ನು ಪ್ರಿಂಟರಿನ ಪಕ್ಕದ ಚೀಲಕ್ಕೆ ಸುರಿದರು. ಅವನು ಅತ್ತ ನೋಡಲಿಲ್ಲ. ನಾನೂ ನೋಡಲಿಲ್ಲ. ಸರ್ಕಾರವೇ ನನ್ನ ಪರವಾಗಿ ಮಾತಾಡಿದ ಹಾಗೆ ನನಗೆ ಆನಂದವಾಗಿತ್ತು. ಇಷ್ಟು ವರ್ಷ ನನ್ನ ಬಾಯಿಗೆ ಬಾರದ ಮಾತನ್ನು ಆದಾಯ ತೆರಿಗೆಯವರು ಯಾರ ಮುಲಾಜೂ ಇಲ್ಲದೆ ಬರೆದಿಟ್ಟಿದ್ದಾರಲ್ಲ! ತೆರಿಗೆ ಉಳಿಯಲಿ ಬಿಡಲಿ, ನನಗೆ ಬೇಕಾದದ್ದು ಆ ಖೋಲಿ.

"ಮನಿ ಯಾರ ಹೆಸರಿಲೆ ಐತ್ರಿ?" ಎಂದು ಕೇಳಿದ.

"ನಮ್ಮ ಅತ್ತಿಯವರ ಹೆಸರಿಲೆ."

"ಹಂಗಾದ್ರ ಹಗುರಾತು ಬಿಡ್ರಿ. ನಿಮ್ಮ ಸ್ವಂತದ್ದಿದ್ರ ನಿಮಗ ನೀವೇ ಬಾಡಿಗಿ ಕೊಡಾಕ ಬರಂಗಿಲ್ಲ. ಅತ್ತಿಗೆ ಕೊಡಬಹುದು. ಬಾಂಡಿನ ಮ್ಯಾಲ ಅಗ್ರಿಮೆಂಟ್ ಮಾಡ್ಸಿ, ತಿಂಗಳಾ ಅವರ ಖಾತೆಗೆ ಹಾಕ್ರಿ. ಅವರಿಗೆ ಅದು ಆದಾಯ, ನಿಮಗ ಖರ್ಚು. ಕಾಯದೆ ಪ್ರಕಾರ ಚೊಕ್ಕ ಆಗ್ತೈತಿ."

ಯಾದಗಿರಿಯಿಂದ ಶಹಾಪುರದವರೆಗೆ ಬಸ್ಸಿನ ಕಿಟಕಿಯ ಪಕ್ಕ ಕುಳಿತು ನಾನು ಆ ಖೋಲಿಯನ್ನು ಮನಸ್ಸಿನಲ್ಲೇ ಜೋಡಿಸಿದೆ. ಕಿಟಕಿಗೆ ಮಷಿನ್ನು, ಎದುರಿಗೆ ಕಪಾಟು, ಬಾಗಿಲಿಗೆ ಒಂದು ಬೋರ್ಡು, ಮೂಲೆಯಲ್ಲೊಂದು ಕೂಲರು, ಕೂಲರಿನದೂ ಸವಕಳಿ. ಇಳಿದವಳು ಮನೆಗೆ ಹೋಗಿ ಅತ್ತೆಗೆ ವಿಷಯ ಹೇಳಬೇಕಿತ್ತು. ಆದರೆ ನನ್ನ ಸ್ವಭಾವ ಹಾಗಲ್ಲ. ಕೆಲಸ ಮುಗಿಸಿ ಆಮೇಲೆ ಹೇಳುವುದು ನನ್ನ ಪದ್ಧತಿ. ನೆಟ್ಟಗೆ ತಹಶೀಲ್ ಕಚೇರಿಯ ಕಡೆ ಹೋಗಿ, ಅತ್ತೆಯ ಹೆಸರು, ನನ್ನ ಹೆಸರು, ಮನೆಯ ನಂಬರು ಕೊಟ್ಟು ಬಾಂಡ್ ತೆಗೆಸಿದೆ. ಟೈಪ್ ಮಾಡುವವನು ಅತ್ತೆ, ಸೊಸೆ, ಮನೆ ಎಂಬ ಮೂರು ಮಾತು ಕೇಳಿದ ಕೂಡಲೇ ಮುಖ ಸಣ್ಣದು ಮಾಡಿಕೊಂಡು, "ಪಾಲಿಂದೇನ್ರಿ ತಾಯಿ?" ಎಂದ. "ಅಲ್ಲಪಾ, ಬಾಡಿಗಿದು," ಎಂದೆ. ಅವನ ಮುಖ ಇನ್ನೂ ಸಣ್ಣದಾಯಿತು. ಅತ್ತೆ ಸೊಸೆಯಿಂದ ಬಾಡಿಗೆ ತೆಗೆದುಕೊಳ್ಳುವಷ್ಟಕ್ಕೆ ಬಂದಿದ್ದಾರೆಂದರೆ ಪಾಲಾಗಿ ಬಹಳ ದಿನವಾಗಿರಬೇಕು ಎಂದು ಅವನು ತಿಳಿದುಕೊಂಡ ಹಾಗೆ ಕಾಣಿಸಿತು. ಬಗಲಿಗೆ ನಿಂತಿದ್ದ ನಾಲ್ಕು ಜನರೂ ಹಾಗೆಯೇ ತಿಳಿದುಕೊಂಡರು.

ನಮ್ಮ ಕಡೆ ಮನೆ ಒಡೆಯುವುದಕ್ಕೆ "ಬ್ಯಾರಿ ಆಗೋದು" ಎನ್ನುತ್ತಾರೆ. ಯಾರೇ ಬ್ಯಾರಿ ಆಗಲಿ, ಊರಿಗೆ ಊರೇ ಅದನ್ನು ತನ್ನ ಮನೆಯ ವಿಷಯವೆಂಬಂತೆ ಚಿಂತಿಸುತ್ತದೆ. ನಾನು ಬಾಂಡಿನ ಜೊತೆಗೆ ಅರ್ಧ ಕೇಜಿ ಬದನೆಕಾಯಿಯನ್ನೂ ತೆಗೆದುಕೊಂಡು ಮನೆ ಸೇರುವ ಹೊತ್ತಿಗೆ ಸುರಪುರದಿಂದ ನನ್ನ ತಾಯಿಯ ಫೋನು ಬಂದಿತ್ತು. "ಏನ್ ಕೆಲಸ ಮಾಡಿದಿಯವ್ವ, ದೇವರಂಥ ಅತ್ತಿ," ಎಂದು ಅಳುತ್ತಿದ್ದಳು. ಇಪ್ಪತ್ತು ವರ್ಷದಿಂದ ಆ ಅತ್ತೆಯ ಬಗ್ಗೆ ಅವಳು ನನ್ನ ಹತ್ತಿರ ಆಡಿದ ಮಾತುಗಳಲ್ಲಿ ದೇವರ ಹೆಸರು ಬಂದದ್ದು ಅದೇ ಮೊದಲು. ಮನೆಯವರು ಶಾಲೆಯಿಂದ ಬಂದವರೇ ಚಪ್ಪಲಿ ಬಿಡದೆ ಬಾಗಿಲಲ್ಲಿ ನಿಂತು, "ನಾ ಯಾರ ಕಡೆ ಇರಬೇಕು ಹೇಳು, ಅಲ್ಲೇ ಇರ್ತೀನಿ," ಎಂದರು. ಒಬ್ಬ ಗಂಡಸು ಇದಕ್ಕಿಂತ ಹೆಚ್ಚು ಸಹಾಯ ಮಾಡಲಾರ.

ಅತ್ತೆ ಮಾತ್ರ ಬೈಯಲಿಲ್ಲ. ನಾನು ಹೆದರಿದ್ದು ಅದಕ್ಕೇ. ಅವರು ಬೈಯುವವರು. ಉಪ್ಪು ಹೆಚ್ಚಾದರೆ ಬೈಯುತ್ತಾರೆ, ಕಡಿಮೆಯಾದರೆ ಬೈಯುತ್ತಾರೆ, ಸರಿಯಾದ ದಿನ ನನ್ನ ತವರಿನವರ ಉಪ್ಪಿನ ಬಗ್ಗೆ ಒಂದು ಮಾತು ಹೇಳುತ್ತಾರೆ. ಆ ದಿನ ರೊಟ್ಟಿಯ ಬುಟ್ಟಿ ತೆಗೆಯುವ ಮೊದಲು, "ತಗೋಲೇನವ್ವ?" ಎಂದು ನನ್ನನ್ನು ಕೇಳಿದರು. ನಾನು ಎದುರಿಗೆ ಕುಳಿತು ಸವಕಳಿ, ಖರ್ಚು, ಲಾಭ, ಕಾಯದೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿದರು.

"ಖೋಲಿ ನಿಂದೇ ಅಂತ ನಾ ಎಷ್ಟು ಸಲ ಹೇಳೀನಿ," ಎಂದರು. "ನೀ ಅದನ್ನ ನಂದು ಅಂತ ಬರದು, ನನಗ ರೊಕ್ಕ ಕೊಡಾಕ ಹೊಂಟೀದಿ. ನಾ ನಿನಗ ಯಾರು ಹಂಗಾದ್ರ?"

ಇಷ್ಟು ದಿನ ನನಗೆ ಖೋಲಿಯೊಂದು ಸಿಕ್ಕರೆ ಸಾಕಿತ್ತು. ಈಗ ಖೋಲಿ ಸಿಕ್ಕು ಅತ್ತೆ ಹೋಗುವ ಹಾಗಾಯಿತಲ್ಲ ಎಂದು ಗಾಬರಿಯಾಯಿತು. ಬಾಂಡ್ ಹರಿದು ಹಾಕಿಬಿಡಲೇ ಎನಿಸಿತು. ಹರಿಯಲಿಲ್ಲ. ಒಲ್ಲದ ಮನಸ್ಸಿನಿಂದ ಹೇಳುತ್ತೇನೆ, ಆ ಗಾಬರಿಯಲ್ಲೂ ಕಿಟಕಿಯ ಬೆಳಕು ನನ್ನ ಕಣ್ಣ ಮುಂದಿತ್ತು.

ಮರುದಿನ ಮೊದಲ ಬಸ್ಸಿಗೆ ಕೆಂಭಾವಿಯಿಂದ ಮಲ್ಲಣ್ಣ ಮಾವ ಬಂದಿಳಿದರು. ಅತ್ತೆಯ ಅಣ್ಣ. ಒಡೆಯಲಿದ್ದ ಎಷ್ಟೋ ಮನೆಗಳನ್ನು ಕೂಡಿಸಿದವರು ಎಂದು ಆ ಕಡೆ ಅವರಿಗೆ ಹೆಸರು. ಅವರ ಸ್ವಂತ ಮಕ್ಕಳು ಬ್ಯಾರಿ ಆಗಿ ಬಹಳ ಕಾಲವಾಗಿದೆ, ಆ ಮಾತು ಬೇರೆ. ಬಂದವರು ಹಿರಿಯರ ನ್ಯಾಯಕ್ಕೆ ತಕ್ಕ ಜಾಗವೆಂದು ಅದೇ ಖೋಲಿಯಲ್ಲಿ ಜಮಖಾನೆ ಹಾಸಿಸಿಕೊಂಡು ಕುಳಿತರು. ಕೈಕಾಲು ತೊಳೆಯಲು ಕೊಟ್ಟ ನೀರನ್ನೂ ಮುಟ್ಟದೆ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಒಲಿ ಒಂದೈತೋ, ಎರಡಾಗ್ಯಾವೋ?"

ನಮ್ಮವರಲ್ಲಿ ಮನೆ ಒಡೆದದ್ದು ಒಲೆಯಿಂದ ತಿಳಿಯುತ್ತದೆ. ಕಾಗದ ಏನೇ ಹೇಳಲಿ, ಅಡುಗೆ ಒಂದೇ ಒಲೆಯ ಮೇಲಾದರೆ ಮನೆ ಒಂದೇ. "ಒಂದೇ ಐತ್ರಿ ಮಾವ," ಎಂದೆ. ಮಾವ ನನ್ನ ಮಾತನ್ನು ನಂಬದೆ ಸ್ವತಃ ಎದ್ದು ಅಡುಗೆಮನೆಗೆ ಹೋಗಿ ನೋಡಿದರು. ಗ್ಯಾಸಿನ ಒಂದು ಉರಿಯ ಮೇಲೆ ಬೇಳೆ, ಇನ್ನೊಂದರ ಮೇಲೆ ಚಹಾ ಇತ್ತು. ಎರಡೂ ಪಾತ್ರೆಗಳ ಮುಚ್ಚಳ ತೆಗೆದು, ಯಾರ್ಯಾರಿಗೆ ಯಾವುದು ಎಂದು ವಿಚಾರಿಸಿ, ಅರ್ಧ ಸಮಾಧಾನದಿಂದ ಹೊರಗೆ ಬಂದು ಚಹಾ ಕುಡಿದರು. ಉಳಿದರ್ಧ ಸಮಾಧಾನಕ್ಕಾಗಿ ಮತ್ತೆ ಜಮಖಾನೆಯ ಮೇಲೆ ಕುಳಿತರು.

"ನಮ್ಮ ಮನಿತನದಾಗ ಸೊಸಿ ಕಡಿಂದ ಕಿರಾಯಿ ತಗೊಂಡ ಅತ್ತಿ ಹುಟ್ಟಿಲ್ಲ," ಎಂದು ಅವರು ನ್ಯಾಯ ಶುರು ಮಾಡಿದರು. ಮನೆಯವರು ಗೋಡೆಗೆ ಒರಗಿ ತಲೆ ಅಲ್ಲಾಡಿಸಿದರು. ನಾನು ಮತ್ತೆ ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಮಾವ ಆದಾಯ ತೆರಿಗೆ ಎಂಬ ಮಾತಿಗೆ ಸ್ವಲ್ಪ ಹಿಂದೆ ಸರಿದು, ದನಿ ತಗ್ಗಿಸಿದರು.

"ಈ ಕಿರಾಯಿ ಯಾರ ಕೈಗೆ ಬರ್ತೈತಿ? ಮಾಸ್ತರರ ಕೈಗೇನು?"

"ಇಲ್ರಿ. ಅತ್ತಿಯವರ ಖಾತೆಗೇ ಹೋಗಬೇಕು. ಬ್ಯಾರೆಯವರಿಗೆ ಕೊಟ್ರ ಕಾಯದೆ ಒಪ್ಪಂಗಿಲ್ಲ."

ಅಲ್ಲಿಯವರೆಗೆ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದ ಅತ್ತೆ ಈ ಕಡೆ ತಿರುಗಿದರು. "ನನ್ನ ಹೆಸರಿಲೆ? ತಿಂಗಳಾ?"

"ತಿಂಗಳಾ ರೀ."

"ಅವನ್ನ ಕೇಳಬೇಕೇನು ತಗಿಬೇಕಾದ್ರ?" ಎಂದು ಮಗನ ಕಡೆ ಗದ್ದ ಎತ್ತಿ ತೋರಿಸಿದರು.

"ಯಾರನ್ನೂ ಕೇಳಂಗಿಲ್ರಿ. ನೀವು ಮಾಲಕರು. ಖೋಲಿ ಕೊಡಾದು ಬಿಡಾದು ನಿಮ್ಮ ಮರ್ಜಿ. ನೀವು ಸಹಿ ಮಾಡದಿದ್ರ ನನಗ ಖೋಲಿ ಇಲ್ಲ."

ಆ ಮನೆ ಅತ್ತೆಯ ಹೆಸರಿನಲ್ಲಿದ್ದದ್ದು ನಿಜ. ನಮ್ಮ ಮಾವನವರು, ಅಂದರೆ ಅತ್ತೆಯ ಗಂಡ, ಕೊಂಡಾಗ ಯಾರೋ ಹೇಳಿದರೆಂದು ಹೆಂಡತಿಯ ಹೆಸರಿಗೆ ಮಾಡಿಸಿದ್ದರು. ಕಾಗದ ಮಾವನವರ ಹತ್ತಿರವಿತ್ತು, ಅವರ ನಂತರ ಮಗನ ಕಪಾಟಿಗೆ ಬಂತು. ಸುಣ್ಣ ಯಾವುದು ಹೊಡೆಯಬೇಕು, ನಳ ಎಲ್ಲಿ ಹಾಕಿಸಬೇಕು, ಅಂಗಳದ ಬೇವಿನ ಮರ ಕಡಿಯಬೇಕೋ ಬೇಡವೋ, ಯಾವುದನ್ನೂ ಯಾರೂ ಅವರನ್ನು ಕೇಳಿದ್ದು ನನಗೆ ನೆನಪಿಲ್ಲ. ನಾನೂ ಕೇಳಿದ್ದು ಖೋಲಿಯನ್ನು, ಅವರ ಒಪ್ಪಿಗೆಯನ್ನಲ್ಲ. ಅವರು ಕೊಟ್ಟದ್ದನ್ನು ಸೊಸೆಯ ಹಕ್ಕೆಂದು ತೆಗೆದುಕೊಂಡು ಹೋಗಿದ್ದೆ. ಮಾಲಕರೇ ಎಂದು ಅವರನ್ನು ಯಾರಾದರೂ ಕರೆದದ್ದು ಆ ಮುಂಜಾನೆಯೇ ಮೊದಲಿರಬೇಕು. ಅದೂ ಆದಾಯ ತೆರಿಗೆಯ ಒತ್ತಾಯಕ್ಕೆ. ನನಗೆ ನಾಚಿಕೆಯೂ ಆಯಿತು, ಒಳಗೊಳಗೇ ಸಂತೋಷವೂ ಆಯಿತು.

"ಕಾಗದ ತಾ ಇಲ್ಲೆ," ಎಂದರು ಅತ್ತೆ. ಮಲ್ಲಣ್ಣ ಮಾವ, "ತಂಗಿ, ಮಂದಿ ಏನಂದಾರು?" ಎಂದರು. "ಮಂದಿಗೆ ಖೋಲಿ ಇದ್ರ ಅವರೂ ಕಿರಾಯಿಗೆ ಕೊಡ್ಲಿ," ಎಂದು ಅತ್ತೆ ಹೇಳಿ, ಅಗ್ರಿಮೆಂಟನ್ನು ಮಗನಿಂದ ಪೂರ್ತಿ ಓದಿಸಿ ಕೇಳಿದರು. 'ಸದರಿ ಕೋಣೆಯನ್ನು ವ್ಯಾಪಾರದ ಉದ್ದೇಶಕ್ಕೆ ಮಾತ್ರ ಬಳಸತಕ್ಕದ್ದು' ಎಂಬಲ್ಲಿ ನಿಲ್ಲಿಸಿ ಇನ್ನೊಮ್ಮೆ ಓದು ಎಂದರು. ಆಮೇಲೆ ಒಂದೊಂದೇ ಅಕ್ಷರ ಬಿಡಿಸಿ, ನಾಲಗೆ ಕಚ್ಚಿಕೊಂಡು ಸಹಿ ಮಾಡಿದರು. ನಾನೂ ಸಹಿ ಹಾಕಿದೆ, ಮಾವ ಸಾಕ್ಷಿ ಹಾಕಿದರು. ಮನೆ ಕೂಡಿಸಲು ಬಂದವರು ಬಾಡಿಗೆ ಪತ್ರಕ್ಕೆ ಸಾಕ್ಷಿಯಾಗಿ, ಬದನೆಕಾಯಿ ಎಣಗಾಯಿ ಉಂಡು, ಮಧ್ಯಾಹ್ನದ ಬಸ್ಸಿಗೆ ಹೋದರು. ಕೆಂಭಾವಿಯಲ್ಲಿ ಅವರು ಇದನ್ನೂ ತಾವು ಕೂಡಿಸಿದ ಮನೆಗಳ ಲೆಕ್ಕಕ್ಕೇ ಸೇರಿಸಿಕೊಂಡಿದ್ದಾರೆಂದು ಆಮೇಲೆ ತಿಳಿಯಿತು.

ಆ ದಿನದಿಂದ ನಮ್ಮ ಮನೆಯಲ್ಲಿ ಹೊಸ ಆಡಳಿತ ಬಂತು. ನಾನು ವರ್ಷಗಟ್ಟಲೆ ಮಾಡಲಾಗದ್ದನ್ನು ಅತ್ತೆ ಒಂದು ಮಧ್ಯಾಹ್ನದಲ್ಲಿ ಮಾಡಿದರು. ಜೋಳದ ಚೀಲಗಳು ಮಗನ ಹೆಗಲ ಮೇಲೆ ಏರಿ ಒಳಗೆ ಹೋದವು. ಪೇಪರಿನ ಗಂಟು ಅದರ ಬೆನ್ನಿಗೇ ಹೋಯಿತು. ಹಾಸಿಗೆ ಕೇಳಿದ ನೆಂಟರೊಬ್ಬರಿಗೆ, "ಆ ಖೋಲಿ ಕಿರಾಯಿಗೆ ಕೊಟ್ಟೀವ್ರಿ. ಪಡಸಾಲ್ಯಾಗ ಅಡ್ಡಾಗ್ರಿ," ಎಂದರು. ಓಣಿಯಲ್ಲಿ ನನ್ನನ್ನು ಸೊಸೆ ಎನ್ನುವ ಬದಲು 'ನಮ್ಮ ಕಿರಾಯದಾರ್ರು' ಎಂದು ಹೇಳಿ ತಾವೇ ನಗುತ್ತಿದ್ದರು. ಬೈಗುಳವೂ ತಿರುಗಿ ಬಂತು, ಈ ಸಲ ಹೊಸ ಇಲಾಖೆಯೊಂದಿಗೆ: "ಗ್ವಾಡಿಗೆ ಮೊಳಿ ಹೊಡಿಬ್ಯಾಡ", "ಕೂಲರಿನ ನೀರು ಪರ್ಸಿಗೆ ಚೆಲ್ಲಬ್ಯಾಡ", "ಬಾಗಿಲಾ ಸಾವಕಾಶ ಹಾಕು, ಮನಿ ನಿಮ್ಮಪ್ಪಂದಲ್ಲ." ಈ ಕೊನೆಯ ಮಾತನ್ನು ಅವರು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಆಡಿರಲಿಲ್ಲ, ಬಾಡಿಗೆ ಕೊಟ್ಟ ಮೇಲೆ ಆ ಭಾಗ್ಯವೂ ನನ್ನದಾಯಿತು. ಪ್ರತಿ ತಿಂಗಳು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬರುವುದು ಅವರಿಗೊಂದು ವ್ರತವಾಯಿತು. ನಾನು ಕಿಟಕಿಯ ಬೆಳಕಿನಲ್ಲಿ ಕುಳಿತು, ಒಗ್ಗರಣೆಯ ವಾಸನೆಯಿಲ್ಲದ ಕುಂಚಿಗೆಗಳನ್ನು ಹೊಲಿದೆ. ಕೆಲಸ ಚೆನ್ನಾಗಿ ಸಾಗಿತು ಎಂದು ಯಾವ ವಿನಯವೂ ಇಲ್ಲದೆ ಹೇಳಬಲ್ಲೆ.

ವರ್ಷ ಮುಗಿದ ಮೇಲೆ ಬಿಲ್ಲುಗಳನ್ನೆಲ್ಲ ಕಟ್ಟಿಕೊಂಡು ಯಾದಗಿರಿಗೆ ಹೋದೆ. ವೀರೇಶ ಕಂಪ್ಯೂಟರಿನಲ್ಲಿ ಕೂಡಿಸಿದ, ಕಳೆದ, ತಲೆ ಕೆರೆದುಕೊಂಡ. ಅವನ ತಾಯಿ ಈ ಸಲ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ನಾವು ಮೂವರೂ ಸರದಿಯ ಪ್ರಕಾರ ಸೀನಿದೆವು.

"ಅಕ್ಕಾರ, ಬಾಡಿಗಿ ತೋರಸಾದೇ ಬ್ಯಾಡ್ರಿ," ಎಂದ. "ನಿಮ್ಮಂಥ ಸಣ್ಣ ಧಂಧೆಕ್ಕ ಅಂದಾಜಿನ ಲೆಕ್ಕ ಅಂತ ಒಂದೈತಿ. ಆದ ವ್ಯಾಪಾರದಾಗ ಇಷ್ಟು ಪಾಲು ಲಾಭ ಅಂತ ಹಿಡಿಯೋದು, ಉಳಿದದ್ದೆಲ್ಲ ಖರ್ಚು ಅಂತ ಅವರೇ ಒಪ್ತಾರ. ಬಿಲ್ಲು ಬ್ಯಾಡ, ಖೋಲಿ ಬ್ಯಾಡ, ಸವಕಳಿ ಬ್ಯಾಡ. ಅದರ ಮ್ಯಾಲ ನಿಮ್ಮ ಆದಾಯ ಟ್ಯಾಕ್ಸಿನ ಮಿತಿಗೇ ಮುಟ್ಟಂಗಿಲ್ಲ."

"ಅಂದ್ರ ಆ ಖೋಲ್ಯಾಗ ಏನು ಬೇಕಾದ್ರೂ ಮಾಡಬಹುದು?"

"ಹಪ್ಪಳ ಹಾಕ್ರಿ, ಮಲ್ಕೊಳ್ರಿ, ಯಾರು ಕೇಳ್ತಾರ?"

"ಇದನ್ನ ಅವತ್ತೇ ಹೇಳಬೇಕಿಲ್ಲೇನಪಾ!"

"ಅವತ್ತು ನೀವು ಹೈದರಾಬಾದಿನ ತನಕ ಹೇಳಿದ್ರಿ. ನಾ ಅದಕ್ಕ ತಕ್ಕಂಗ ಹೇಳಿದೆ," ಎಂದ. ಅವನ ತಾಯಿ ಹೌದೆನ್ನುವಂತೆ ಸೀನಿದರು.

ಶಹಾಪುರಕ್ಕೆ ಬರುವ ಬಸ್ಸಿನಲ್ಲಿ ಅಗ್ರಿಮೆಂಟ್ ರದ್ದು ಮಾಡುವ ಮಾತನ್ನು ಹೇಗೆ ಹೇಳಬೇಕೆಂದು ಜೋಡಿಸಿಕೊಂಡೆ. ಮನೆಗೆ ಬಂದರೆ ಅತ್ತೆ ಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿ ಅಣ್ಣನ ಜೊತೆ ಮಾತಾಡುತ್ತಿದ್ದರು. "ನನ್ನ ರೊಕ್ಕ ಐತಿ ಮಲ್ಲಣ್ಣ, ನಿನ್ನ ಕಣ್ಣಿನ ಆಪರೇಷನ್ನಿಗೆ ನಾ ಕೊಡ್ತೀನಿ. ಹುಡುಗರ್ನ ಕೇಳಬ್ಯಾಡ," ಎನ್ನುತ್ತಿದ್ದರು. ಆ 'ನನ್ನ' ಎಂಬ ಮಾತನ್ನು ಅವರು ಹೇಳಿದ ಧಾಟಿ ಕೇಳಿ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಜೋಡಿಸಿಕೊಂಡು ಬಂದದ್ದೆಲ್ಲ ನುಂಗಿಕೊಂಡೆ. "ಆಡಿಟರ್ ಏನಂದ?" ಎಂದು ಕೇಳಿದರು. "ಬಾಡಿಗಿ ಬರೋಬರಿ ಕೊಡಬೇಕಂತ್ರಿ," ಎಂದೆ. ಸುಳ್ಳು ಹೇಳುವುದರಲ್ಲಿ ನನಗೆ ಅನುಭವ ಸಾಲದು, ಆದರೂ ಆ ದಿನ ಚೆನ್ನಾಗಿ ಬಂತು.

ಇದಾದ ಕೆಲವು ದಿನಕ್ಕೆ ಬೇಸಿಗೆ ಏರಿತು. ನಮ್ಮೂರಿನ ಗುಡ್ಡವೇ ಬುದ್ಧ ಮಲಗಿದ ಹಾಗೆ ಕಾಣುತ್ತದೆ. ಬೇಸಿಗೆಯ ಮಧ್ಯಾಹ್ನ ಊಟವಾದ ಮೇಲೆ ಇಡೀ ಊರು ಭಕ್ತಿಯಿಂದ ಅವನನ್ನು ಅನುಸರಿಸುತ್ತದೆ. ನಾನೂ ಒಂದು ಮಧ್ಯಾಹ್ನ ಮಷಿನ್ನು ನಿಲ್ಲಿಸಿ, ಕೂಲರಿನ ಎದುರು ಪರ್ಸಿಯ ಮೇಲೆ ದಿಂಬು ಹಾಕಿಕೊಂಡು ಉರುಳಿದೆ. ಬಾಡಿಗೆ ನನ್ನದು, ಕೂಲರು ನನ್ನದು, ಕಾಯದೆಯಂತೂ ಹಪ್ಪಳ ಹಾಕಲಿಕ್ಕೂ ಬಿಟ್ಟಿದೆ. ಕಣ್ಣು ಮುಚ್ಚುವಷ್ಟರಲ್ಲಿ ಬಾಗಿಲಲ್ಲಿ ಮಾಲಕರು ನಿಂತಿದ್ದರು.

"ಏಳು. ಇಲ್ಲಿ ಮಲಗಂಗಿಲ್ಲ. ಧಂಧೆ ಬಿಟ್ಟು ಬ್ಯಾರೇನೂ ಮಾಡಂಗಿಲ್ಲಂತ ಸಹಿ ಮಾಡೀದಿ."

"ಅತ್ತಿ, ನಾ ನಿಮ್ಮ ಸೊಸಿ ಅಲ್ಲೇನ್ರೀ?"

"ಸೊಸಿ ಆದ್ರ ಒಳಗ ಬಾ, ನನ್ನ ಬಗಲಾಗ ಮಲ್ಕೋ, ಫ್ಯಾನ್ ಹಚ್ಚೀನಿ. ಕಿರಾಯದಾಕಿ ಆದ್ರ ಎದ್ದು ಹೊಲಿ."

ವೀರೇಶನ ಮಾತನ್ನು ಇದ್ದ ಹಾಗೆ ಹೇಳಿದ್ದರೆ ಕೂಲರಿನ ಗಾಳಿ ಉಳಿಯುತ್ತಿತ್ತು. ನಾನು ಕೂಲರು ಆರಿಸಿ, ದಿಂಬು ಎತ್ತಿಕೊಂಡು, ನಾನೇ ಬಾಡಿಗೆ ಕೊಡುವ ಖೋಲಿಯ ಬಾಗಿಲನ್ನು ಸಾವಕಾಶ ಹಾಕಿಕೊಂಡು ಒಳಗೆ ಹೋದೆ. ಆ ಹಳೆ ಫ್ಯಾನಿನ ಬಿಸಿಗಾಳಿಯಲ್ಲಿ, ಅತ್ತೆಯ ಬಗಲಲ್ಲಿ, ನನಗೆ ಒಳ್ಳೆಯ ನಿದ್ದೆಯೇ ಬಂತು. ಅದಕ್ಕೆ ಮಾತ್ರ ಅವರು ಇನ್ನೂ ಬಾಡಿಗೆ ಕೇಳಿಲ್ಲ.